ಚಹಾಕ್ಕೆ ಮುಂಚೆ ಒಂದು ಹೆಸರು

ಎದುರಿಗೆ ಇಟ್ಟ ಚಹಾವನ್ನು ಸುಮ್ಮನೆ ಎತ್ತಿ ಕುಡಿಯುವ ಭಾಗ್ಯ ನನ್ನ ಹಣೆಯಲ್ಲಿ ಬರೆದಿಲ್ಲ. ಮೊದಲು ಯಾವುದಾದರೂ ಒಂದು ಮಗುವಿನ ಹೆಸರು ಹೇಳಬೇಕು. ಹೇಳದೆ ಲೋಟ ಎತ್ತಿದರೆ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ನಿಮಗೆ ನಗು ಬರಬಹುದು, ಬರಲಿ. ಕೆಲವರಿಗೆ ಹಾಸಿಗೆಯಿಂದ ಏಳುವಾಗ ಬಲಗಾಲನ್ನೇ ಮೊದಲು ಊರಬೇಕು, ಕೆಲವರಿಗೆ ಬಾಗಿಲಿಗೆ ಹಾಕಿದ ಬೀಗವನ್ನು ಮತ್ತೆ ಮತ್ತೆ ಜಗ್ಗಿ ನೋಡಬೇಕು. ನನಗೆ ಇದು.

ಈ ಅಭ್ಯಾಸದಿಂದ ನಮ್ಮ ಮನೆಯ ಒಂದು ಮದುವೆಯೇ ತಪ್ಪುವುದರಲ್ಲಿತ್ತು. ಕುವೈತಿನಲ್ಲಿರುವ ನನ್ನ ತಮ್ಮನ ಮಗಳನ್ನು ನೋಡಲು ಗಂಡಿನ ಕಡೆಯವರು ಮಣ್ಣಗುಡ್ಡದ ನನ್ನ ಮನೆಗೆ ಬಂದಿದ್ದರು. ಚಹಾ ಬಂತು, ಕೇಕ್ ಬಂತು, ಎಲ್ಲರ ಕೈಯಲ್ಲೂ ಕಪ್ಪು. ನಾನು ನನ್ನ ಕಪ್ಪನ್ನು ಎದುರಿಗಿಟ್ಟುಕೊಂಡು, ಮೆಲ್ಲಗೆ ಅಂತ ನನ್ನ ಲೆಕ್ಕ, "ದೀಕ್ಷಿತ್" ಎಂದೆ. ಹುಡುಗನ ತಾಯಿ ನನ್ನನ್ನು ನೋಡಿದರು, ಆಮೇಲೆ ಹುಡುಗಿಯನ್ನು ನೋಡಿದರು, ಆಮೇಲೆ ತಮ್ಮ ಗಂಡನನ್ನು ನೋಡಿದರು. ಈ ದೀಕ್ಷಿತ್ ಯಾರು, ಹುಡುಗಿಗೂ ಅವನಿಗೂ ಎಂತ ಸಂಬಂಧ ಎಂಬುದು ಅವರ ಮುಖದ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ನನ್ನ ತಮ್ಮನ ಹೆಂಡತಿ ಮೇಜಿನ ಕೆಳಗೆ ನನ್ನ ಕಾಲನ್ನು ಒತ್ತಿ, "ಅದು ಎಂತ ಇಲ್ಲ, ಇವರು ಟೀಚರ್ ಅಲ್ವಾ" ಎಂದು ಕೊಂಕಣಿಯಲ್ಲಿ ಹೇಳಿ ನಕ್ಕಳು. ಅಷ್ಟರಲ್ಲೇ ಎಲ್ಲರಿಗೂ ಸಮಾಧಾನವಾಯಿತು. ಟೀಚರ್ ಎಂದರೆ ನಮ್ಮೂರಿನಲ್ಲಿ ಎಲ್ಲ ಹುಚ್ಚಿಗೂ ಸಾಕಾಗುವಷ್ಟು ದೊಡ್ಡ ಸಮಜಾಯಿಷಿ. ಮದುವೆ ಆಯಿತು, ಈಗ ಅವರು ಚೆನ್ನಾಗಿದ್ದಾರೆ. ಪಾಪ, ದೀಕ್ಷಿತ್ ಆಗ ಮೂರನೆಯ ಕ್ಲಾಸಿನಲ್ಲಿದ್ದ.

ಈ ಹುಚ್ಚನ್ನು ನನಗೆ ಹಿಡಿಸಿದವರು ಗಿರಿಜಾ ಟೀಚರ್. ಕೊಟ್ಟಾರದ ಹೆದ್ದಾರಿಯಿಂದ ಒಳಗೆ, ಒಂದು ಓಣಿಯ ಕೊನೆಗೆ ನಮ್ಮ ಕನ್ನಡ ಮಾಧ್ಯಮದ ಶಾಲೆ. ಅಲ್ಲಿ ನಾನು ಮೊದಲು ಓದಿದೆ, ಆಮೇಲೆ ಮುದುಕಿಯಾಗುವವರೆಗೆ ಕಲಿಸಿದೆ. ಬೇರೆ ಕಡೆ ಹೋಗುವ ಬುದ್ಧಿ ಬರಲೇ ಇಲ್ಲ. ನಾನು ಓದುವಾಗ ಗಿರಿಜಾ ಟೀಚರಿಗೆ ಇನ್ನೂ ಎಳೆಯ ಪ್ರಾಯ. ನಾನು ಕಲಿಸಲು ಸೇರುವಾಗ ಅವರು ಹೆಡ್‌ಮಿಸ್ಟ್ರೆಸ್. ಮನೆಮಾತು ತುಳು, ಬಾಯಿ ಜೋರು, ಸೀರೆಯ ಸೆರಗಿನಲ್ಲಿ ಯಾವಾಗಲೂ ಸೀಮೆಸುಣ್ಣದ ಪುಡಿ.

ನಮ್ಮ ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಸಂಜೆ ಮನೆಗೆ ಬಂದರೆ ಅವರ ಅಂಗಿಯಿಂದ ಹಸಿ ಜೇಡಿಯ ವಾಸನೆ ಬರುತ್ತಿತ್ತು. ಒಡೆದ ಹಂಚುಗಳನ್ನು ತಂದು ಅಂಗಳದಲ್ಲಿ ಜೋಡಿಸಿ ಕೋಳಿಗಳಿಗೆ ಗೂಡು ಕಟ್ಟಿದ್ದರು. ಮನೆಯೊಳಗೆ ಕೊಂಕಣಿ, ಗೇಟು ದಾಟಿದರೆ ತುಳು, ಶಾಲೆಯ ಮೆಟ್ಟಿಲು ಹತ್ತಿದರೆ ಕನ್ನಡ. ಇವುಗಳ ನಡುವೆ ನನ್ನ ಬಾಯಿ ಮುಚ್ಚಿಹೋಗಿತ್ತು. ಕನ್ನಡ ನನಗೆ ಪುಸ್ತಕದೊಳಗಿನ ಭಾಷೆ. ಅದನ್ನು ಬಾಯಿಯಿಂದ ಹೊರಗೆ ತೆಗೆಯಬೇಕೆಂದರೆ ಇಸ್ತ್ರಿ ಹಾಕಿದ ಬಟ್ಟೆಯನ್ನು ಮಣ್ಣಿಗೆ ಹಾಕಿದ ಹಾಗೆ ಹೆದರಿಕೆ. ಹಿಂದಿನ ಬೆಂಚಿನಲ್ಲಿ ಕುಳಿತು, ಮುಂದಿನವಳ ಜಡೆಯ ರಿಬ್ಬನ್ ನೋಡುತ್ತಾ ನಾನು ಎರಡು ಕ್ಲಾಸು ಪಾಸಾದೆ.

ಒಂದು ದಿನ ಬೆಳಿಗ್ಗೆ ಗಿರಿಜಾ ಟೀಚರ್ ಪ್ರಾರ್ಥನೆಯ ಸಾಲಿನಲ್ಲಿ ನನ್ನ ಹತ್ತಿರ ಬಂದು ಬಗ್ಗಿ, "ಹಿಲ್ಡಾ, ನಿಮ್ಮ ಕೋಳಿ ಮೊಟ್ಟೆ ಇಟ್ಟಿತಾ?" ಎಂದು ಕೇಳಿದರು. ನಮ್ಮ ಮನೆಯಲ್ಲಿ ಕೋಳಿ ಇರುವುದು ಅವರಿಗೆ ಹೇಗೆ ಗೊತ್ತಾಯಿತೋ ಏನೋ. ನಾನು ತಲೆಯಾಡಿಸಿದೆ. "ತಲೆ ಆಡಿಸಿದರೆ ಎಷ್ಟು ಅಂತ ಗೊತ್ತಾಗುವುದು ಹೇಗೆ ಮಾರಾಯ್ತಿ?" ಎಂದರು. "ಒಂದು" ಎಂದೆ. ಶಾಲೆಯಲ್ಲಿ ನಾನಾಗಿ ಆಡಿದ ಮೊದಲ ಕನ್ನಡ ಮಾತು ಅದು. ಆ ದಿನವಿಡೀ ನೆಲದ ಮೇಲೆ ನನ್ನ ಕಾಲು ನಿಲ್ಲಲಿಲ್ಲ. ಇಡೀ ಶಾಲೆಯಲ್ಲಿ ಗಿರಿಜಾ ಟೀಚರಿಗೆ ನಾನೆಂದರೆ ವಿಶೇಷ ಪ್ರೀತಿ ಎಂದು ನಂಬಿದೆ. ಆ ನಂಬಿಕೆಯ ಮೇಲೆಯೇ ಮುಂದೆ ಟೀಚರಾದೆ ಅಂದರೂ ತಪ್ಪಾಗದು.

ಕೆಲಸಕ್ಕೆ ಸೇರಿದ ಮೊದಲ ದಿನವೇ ಆ ನಂಬಿಕೆಗೆ ಪೆಟ್ಟು ಬಿತ್ತು. ಸಂಜೆ ನಾಲ್ಕಕ್ಕೆ ಮಕ್ಕಳೆಲ್ಲ ಹೋದ ಮೇಲೆ ಸ್ಟಾಫ್ ರೂಮಿನಲ್ಲಿ ಚಹಾ. ಲೋಟಗಳು ಬಂದವು, ಯಾರೂ ಎತ್ತಲಿಲ್ಲ. ಗಿರಿಜಾ ಟೀಚರ್ ಮೇಜಿನ ಸುತ್ತ ನೋಡಿ, "ಯಾರು ಬಿಟ್ಟುಹೋಯ್ತು ಇವತ್ತು?" ಎಂದರು. ಒಬ್ಬೊಬ್ಬರೇ ಟೀಚರ್ ಒಂದೊಂದು ಹೆಸರು ಹೇಳತೊಡಗಿದರು. "ನನ್ನ ಕ್ಲಾಸಿನಲ್ಲಿ ಯಶೋದಾ." "ನಂದು ರಫೀಕ್." ಆ ದಿನ ಯಾವ ಮಗುವಿನೊಡನೆ ತಾನು ಒಂದು ಮಾತೂ ಆಡಲಿಲ್ಲವೋ ಆ ಮಗುವಿನ ಹೆಸರು. ಪಾಠದ ಪ್ರಶ್ನೆ ಕೇಳಿದ್ದು, ಹಾಜರಿ ಕೂಗಿದ್ದು, ಗದರಿದ್ದು ಇವೆಲ್ಲ ಮಾತಿನ ಲೆಕ್ಕಕ್ಕೆ ಇಲ್ಲ. ಮಗುವನ್ನು ಹೆಸರು ಹಿಡಿದು ಕರೆದು, ಅದರದ್ದೇ ಏನಾದರೊಂದು ಸಂಗತಿ ಕೇಳಿ, ಅದು ಉತ್ತರ ಹೇಳುವವರೆಗೆ ನಿಂತಿರಬೇಕು. ಬಿಟ್ಟುಹೋದ ಮಗುವನ್ನು ಮರುದಿನ ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಮಾತಾಡಿಸಬೇಕು. ಹೆಸರು ಹೇಳಿ ಆದ ಮೇಲೆ ಚಹಾ.

ಲೋಟ ನನ್ನ ಕೈಯಲ್ಲೇ ಉಳಿಯಿತು. ಹಾಗಾದರೆ ಆ ಕೋಳಿ, ಆ ಮೊಟ್ಟೆ? ನಾನು ಗಿರಿಜಾ ಟೀಚರನ್ನು ಕೇಳಿಯೇಬಿಟ್ಟೆ. ಅವರು ಬಿಸ್ಕೆಟನ್ನು ಚಹಾದಲ್ಲಿ ಅದ್ದುತ್ತಾ, "ಹೌದು, ಹಿಂದಿನ ದಿನ ನಿನ್ನ ಹೆಸರು ಬಂದಿರಬೇಕು. ಎಂತ, ಬೇಜಾರಾ?" ಎಂದರು. ಬೇಜಾರಾಗಿತ್ತು. ಇಷ್ಟು ವರ್ಷ ಎದೆಯಲ್ಲಿ ಇಟ್ಟುಕೊಂಡಿದ್ದ ಪ್ರೀತಿ ಬರೀ ಸರದಿಯ ಮಾತಾಗಿತ್ತಲ್ಲ ಎಂದು. ಮನೆಗೆ ಹೋಗುವ ದಾರಿಯಲ್ಲಿ ಅತ್ತುಬಿಟ್ಟಿದ್ದೆ. ಟೀಚರಾದ ಮೊದಲ ದಿನವೇ ಅಳುವ ಟೀಚರ್ ಎಂದು ಯಾರಾದರೂ ನೋಡಿದ್ದರೆ ಮರುದಿನ ನನ್ನ ಕ್ಲಾಸು ನನ್ನ ಕೈಗೆ ಸಿಗುತ್ತಿರಲಿಲ್ಲ.

ಈ ಪದ್ಧತಿ ಶುರುವಾದದ್ದು ಯಾಕೆ ಎಂದು ಗಿರಿಜಾ ಟೀಚರ್ ಒಂದೇ ಒಂದು ಸಲ ಹೇಳಿದ್ದರು. ಅವರು ಹೊಸತರಲ್ಲಿ ಕಲಿಸುವಾಗ ಒಬ್ಬಳು ಹುಡುಗಿ ಶಾಲೆಗೆ ಬರುವುದನ್ನು ನಿಲ್ಲಿಸಿದಳಂತೆ. ಕರೆದು ತರಲು ಅವಳ ಮನೆ ಹುಡುಕಿಕೊಂಡು ಹೋಗುವಷ್ಟರಲ್ಲಿ ಆ ಕುಟುಂಬ ಊರು ಬಿಟ್ಟಾಗಿತ್ತು. "ವಾಪಸು ಬರುವಾಗ ನಾವು ಮೂರು ಜನ ಟೀಚರ್‌ಗಳು ಅವಳ ಬಗ್ಗೆ ಮಾತಾಡ್ಲಿಕ್ಕೆ ನೋಡಿದೆವು. ಅವಳ ಸ್ವರ ಹೇಗುಂಟು ಅಂತಲೇ ಯಾರಿಗೂ ಗೊತ್ತಿರ್ಲಿಲ್ಲ" ಎಂದರು.

ಇನ್ನೊಂದು ಕಟ್ಟುನಿಟ್ಟು ಇತ್ತು. "ಇವತ್ತು ಯಾರೂ ಬಿಟ್ಟುಹೋಗಲಿಲ್ಲ" ಎಂದು ಯಾರಾದರೂ ಹೇಳಿದರೆ ಗಿರಿಜಾ ಟೀಚರ್ ಅವರ ಲೋಟವನ್ನು ಕೈಯಿಂದ ಮೆಲ್ಲಗೆ ತಮ್ಮ ಕಡೆಗೆ ಸರಿಸಿಕೊಳ್ಳುತ್ತಿದ್ದರು. ಹೊಸದಾಗಿ ಬಂದ ಒಬ್ಬರು ಮೇಷ್ಟ್ರು, ಉತ್ಸಾಹಿ ಮನುಷ್ಯ, ಮೊದಲ ವಾರ ಹಾಗೆ ಹೇಳಿ ಚಹಾ ಕಳೆದುಕೊಂಡರು. "ಕ್ಲಾಸು ತುಂಬ ಮಕ್ಕಳು, ನಿಮಗೆ ಇರುವುದು ಒಂದು ಬಾಯಿ. ಯಾರೂ ಬಿಟ್ಟುಹೋಗ್ಲಿಲ್ಲ ಅಂದ್ರೆ ನೀವು ಸರಿಯಾಗಿ ನೋಡ್ಲಿಲ್ಲ ಅಂತ ಅರ್ಥ" ಎಂದರು ಟೀಚರ್. ಮೇಷ್ಟ್ರು ಎರಡನೆಯ ವಾರದಿಂದ ಹೆಸರು ಹೇಳತೊಡಗಿದರು. ಮೂರನೆಯ ವಾರದಿಂದ ಆ ಹೆಸರು ನಿಜದ್ದಾಗಿರುತ್ತಿತ್ತು.

ಒಮ್ಮೆ ನಮ್ಮನ್ನೆಲ್ಲ ತರಬೇತಿಗೆ ಕರೆದಿದ್ದರು. ಪ್ರತಿ ಶಾಲೆಯವರೂ ತಮ್ಮ ಧ್ಯೇಯವನ್ನು ಒಂದು ಚಾರ್ಟಿನಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ನೋಡುತ್ತಿದ್ದಂತೆ ಗೋಡೆ ತುಂಬಿತು. ಸರ್ವಾಂಗೀಣ ವಿಕಾಸ, ಜಾಗತಿಕ ಪ್ರಜೆ, ಮೌಲ್ಯಾಧಾರಿತ ಏನೇನೋ. ಕೆಲವರು ಸುತ್ತಲೂ ಹೂಬಳ್ಳಿ ಬಿಡಿಸಿದ್ದರು. ಗಿರಿಜಾ ಟೀಚರ್ ನೀಲಿ ಸ್ಕೆಚ್ ಪೆನ್ನಿನಲ್ಲಿ "ನಿನ್ನೆ ಬಿಟ್ಟುಹೋದ ಮಗುವನ್ನು ಇವತ್ತು ಮಾತಾಡಿಸುವುದು" ಎಂದು ಬರೆದರು. ತರಬೇತಿ ಕೊಡಲು ಬಂದವರು ಅದನ್ನು ಓದಿ ತಲೆ ತುರಿಸಿಕೊಂಡು, "ಮೇಡಂ, ಇದು ದಿನಚರಿ ಆಯ್ತು. ಧ್ಯೇಯ ಅಂದ್ರೆ ಸ್ವಲ್ಪ ದೊಡ್ಡದಿರಬೇಕು" ಎಂದರು. "ನಮ್ಮ ಹತ್ರ ಇಷ್ಟೇ ಉಂಟು ಸರ್. ಇದೇ ಮಾಡಿ ಮುಗಿಯುವುದಿಲ್ಲ" ಎಂದರು ಟೀಚರ್. ನನಗಾಗ ನಾಚಿಕೆಯಾಗಿತ್ತು. ಪಕ್ಕದ ಶಾಲೆಯವರ ಹೂಬಳ್ಳಿ ಎಷ್ಟು ಚೆನ್ನಾಗಿತ್ತು.

ಈಗ ನೆನೆಸಿದರೆ ಆ ಒಂದು ಸಾಲೇ ನಮ್ಮನ್ನು ಹಿಡಿದು ನಿಲ್ಲಿಸಿತ್ತು ಅನಿಸುತ್ತದೆ. ಮಾಡು ಸೋರುತ್ತಿತ್ತು, ಸಂಬಳ ತಡವಾಗುತ್ತಿತ್ತು, ಮೇಲಿನಿಂದ ದಿನಕ್ಕೊಂದು ಸುತ್ತೋಲೆ ಬರುತ್ತಿತ್ತು. ಆದರೂ ಬೆಳಿಗ್ಗೆ ಎದ್ದ ಕೂಡಲೇ ಇವತ್ತು ಎಂತ ಮಾಡಬೇಕು ಎಂದು ನಮಗೆ ಯಾರಿಗೂ ಅನುಮಾನ ಇರುತ್ತಿರಲಿಲ್ಲ. ಒಂದು ಹೆಸರು ಇರುತ್ತಿತ್ತು. ಆ ಮಗು ಗೇಟಿನೊಳಗೆ ಬರುವುದನ್ನು ಕಾಯಬೇಕಿತ್ತು. ಅಷ್ಟು ಸಾಕಾಗುತ್ತಿತ್ತು.

ಗಿರಿಜಾ ಟೀಚರ್ ನಿವೃತ್ತರಾದರು, ಕೆಲವು ವರ್ಷಗಳ ಮೇಲೆ ತೀರಿಕೊಂಡರು. ಹೆದ್ದಾರಿಯ ಮೇಲೆ ಸೇತುವೆ ಬಂತು. ಸುತ್ತಲೂ ಎತ್ತರದ ಫ್ಲಾಟುಗಳು ಬಂದವು, ಆ ಫ್ಲಾಟುಗಳ ಮಕ್ಕಳನ್ನು ಕರೆದೊಯ್ಯಲು ಹಳದಿ ಬಸ್ಸುಗಳು ಬಂದವು. ಆ ಬಸ್ಸುಗಳು ನಮ್ಮ ಓಣಿಗೆ ತಿರುಗಲಿಲ್ಲ. ಒಬ್ಬೊಬ್ಬರಾಗಿ ಟೀಚರ್‌ಗಳು ನಿವೃತ್ತರಾದಾಗ ಅವರ ಜಾಗಕ್ಕೆ ಯಾರೂ ಬರಲಿಲ್ಲ. ಮೇಜಿನ ಸುತ್ತ ಹೆಸರು ಹೇಳುವವರು ಕಡಿಮೆಯಾಗುತ್ತಾ ಬಂದು, ಕಡೆಗೆ ನಾನೊಬ್ಬಳೇ ಉಳಿದೆ. ಆಗಲೂ ನಾಲ್ಕು ಗಂಟೆಗೆ ಖಾಲಿ ಕುರ್ಚಿಗಳ ಎದುರು ಹೆಸರನ್ನು ಗಟ್ಟಿಯಾಗಿಯೇ ಹೇಳುತ್ತಿದ್ದೆ. ಬಿಸಿಯೂಟದ ಪಾತ್ರೆ ತೊಳೆಯುವ ಹೆಂಗಸು ಕಿಟಕಿಯಿಂದ ಇಣುಕಿ, "ಎಂತ ಟೀಚರ್, ಯಾರ ಹತ್ರ ಮಾತಾಡುವುದು?" ಎಂದು ಕೇಳಿದ್ದಳು. ಫೋನಿನಲ್ಲಿ ಎಂದು ಸುಳ್ಳು ಹೇಳಿದೆ.

ಉಳಿದ ಮಕ್ಕಳು ಯಾರೆಂದರೆ ಆ ಫ್ಲಾಟುಗಳನ್ನು ಕಟ್ಟಲು ಬಂದವರ ಮಕ್ಕಳು. ಬಾಗಲಕೋಟೆ, ಕೊಪ್ಪಳದ ಕಡೆಯವರು, ಈಚೆಗೆ ಬಿಹಾರದವರು. ಕಟ್ಟಡ ಮುಗಿದರೆ ಮಕ್ಕಳು ಹೋಗುತ್ತಾರೆ, ಇನ್ನೊಂದು ಶುರುವಾದರೆ ಬೇರೆ ಮಕ್ಕಳು ಬರುತ್ತಾರೆ. ನಾನು ನಿವೃತ್ತಳಾಗುವ ಹಿಂದಿನ ವರ್ಷ ಆಡಳಿತ ಮಂಡಳಿಯವರು ಸಫಿಯಾ ಎಂಬ ಹುಡುಗಿಯನ್ನು ನೇಮಿಸಿದರು. ಕಾಟಿಪಳ್ಳದವಳು, ಮನೆಮಾತು ಬ್ಯಾರಿ, ದಿನಾ ಎರಡು ಬಸ್ಸು ಹಿಡಿದು ಬರುತ್ತಿದ್ದಳು. ಅವಳಿಗೆ ನಾನು ಚಹಾದ ಪದ್ಧತಿ ಹೇಳಿಕೊಟ್ಟೆ. ಮೊದಲ ದಿನ ನಕ್ಕಳು, ಎರಡನೆಯ ದಿನ ಹೆಸರು ಹೇಳಿದಳು. ನನಗೆ ಕುಣಿಯುವಷ್ಟು ಖುಷಿಯಾಯಿತು. ಶಾಲೆಯನ್ನು ಅವಳ ಕೈಗೆ ಒಪ್ಪಿಸಿ, ಒಂದು ಶಾಲು ಹೊದೆಸಿಕೊಂಡು, ನಾನು ಮನೆಗೆ ಬಂದೆ.

ಮನೆ ಎಂದರೆ ಮಣ್ಣಗುಡ್ಡದ ಫ್ಲಾಟು, ಅದರೊಳಗೆ ನಾನು. ಮದುವೆಯಾಗಲಿಲ್ಲ ಯಾಕೆ ಎಂದು ಕೇಳಬೇಡಿ, ನನಗೂ ಸರಿಯಾಗಿ ನೆನಪಿಲ್ಲ. ತಮ್ಮನನ್ನು ಓದಿಸುವುದಿತ್ತು, ಅಮ್ಮನನ್ನು ನೋಡಿಕೊಳ್ಳುವುದಿತ್ತು, ಸಂಜೆ ಬರುವಾಗ ತಲೆಯಲ್ಲಿ ಯಾವುದಾದರೊಂದು ಮಗು ಇರುತ್ತಿತ್ತು, ಅಷ್ಟರಲ್ಲಿ ಪ್ರಾಯ ಮುಗಿಯಿತು. ಬೇಸರ ಅಂತ ಆಗ ಅನಿಸಿರಲಿಲ್ಲ. ನಿವೃತ್ತಿಯಾದ ಮೇಲೆ ಅನಿಸಿತು. ಪಾರ್ಸೆಲ್ ತರುವವನಿಗೆ ನಾನು ಮೇಡಂ, ಲಿಫ್ಟಿನಲ್ಲಿ ಸಿಗುವವರಿಗೆ ಆಂಟಿ, ಬ್ಯಾಂಕಿನಲ್ಲಿ ಟೋಕನ್ ನಂಬರು. ತಮ್ಮ ಕುವೈತಿನಿಂದ ವಿಡಿಯೋ ಕಾಲ್ ಮಾಡಿದರೆ ಅಕ್ಕ. ಒಂದು ಸಂಜೆ ಚಹಾದ ಎದುರು ಕುಳಿತಾಗ, ಹಿಲ್ಡಾ ಎಂದು ನನ್ನನ್ನು ಯಾರಾದರೂ ಕರೆದು ಎಷ್ಟು ದಿನವಾಯಿತು ಎಂದು ಯೋಚಿಸಿದೆ. ನೆನಪಿಗೆ ಬರಲಿಲ್ಲ. ಆ ಸಂಜೆ ಹೇಳಲು ಬೇರೆ ಹೆಸರೂ ಸಿಗಲಿಲ್ಲ. ಚಹಾ ತಣ್ಣಗಾಗಿ ಮೇಲೆ ಕೆನೆ ಕಟ್ಟಿತು. ಅದನ್ನು ಸಿಂಕಿಗೆ ಚೆಲ್ಲಿ ಬಂದು ಮಲಗಿದೆ.

ಮರುದಿನ ಎದ್ದು ಸೀರೆ ಉಟ್ಟು ಶಾಲೆಗೆ ಹೋದೆ. "ಸುಮ್ಮನೆ ಬಂದೆ ಸಫಿಯಾ, ಏನಾದರೂ ಸಹಾಯ ಬೇಕಾ ಅಂತ." ಅವಳು ಕುರ್ಚಿ ಒರೆಸಿ ಕೊಟ್ಟಳು. ಅದರ ಮರುದಿನವೂ ಹೋದೆ. ಆಮೇಲೆ ದಿನಾ ಹೋಗತೊಡಗಿದೆ. ಅವಳು ಬರುವ ಮೊದಲೇ ಗೇಟಿನಲ್ಲಿ ನಿಂತಿರುತ್ತಿದ್ದೆ. ಅವಳ ಬಸ್ಸು ಬೈಕಂಪಾಡಿಯಲ್ಲಿ ಟ್ರಾಫಿಕ್ಕಿನಲ್ಲಿ ನಿಂತಿರುವಾಗ ನಾನು ಇಲ್ಲಿ ಒಂದೊಂದೇ ಮಗುವನ್ನು ಕರೆದು ಮಾತಾಡಿಸುತ್ತಿದ್ದೆ. ಬಸಮ್ಮನ ತಮ್ಮನಿಗೆ ಜ್ವರ ಇಳಿಯಿತಾ, ಸೋನುವಿನ ಅಪ್ಪ ಊರಿನಿಂದ ಬಂದರಾ, ಮಲ್ಲೇಶ ನಿನ್ನೆ ಬಿದ್ದ ಹಲ್ಲನ್ನು ಎಲ್ಲಿಟ್ಟ. ಪ್ರಾರ್ಥನೆಯ ಗಂಟೆ ಹೊಡೆಯುವಷ್ಟರಲ್ಲಿ ಇಡೀ ಶಾಲೆಯನ್ನು ಮಾತಾಡಿಸಿ ಆಗಿರುತ್ತಿತ್ತು. ಇರುವುದು ಒಂದು ಕೋಣೆಯಷ್ಟು ಮಕ್ಕಳು, ನನ್ನ ಕೈಯಲ್ಲಿರುವುದು ಇಡೀ ದಿನ. ನಾಲ್ಕು ಗಂಟೆಗೆ ಹೆಮ್ಮೆಯಿಂದ, "ನೋಡು ಸಫಿಯಾ, ಇವತ್ತು ಯಾರೂ ಬಿಟ್ಟುಹೋಗಲಿಲ್ಲ" ಎನ್ನುತ್ತಿದ್ದೆ. ಗಿರಿಜಾ ಟೀಚರ್ ಇದ್ದಿದ್ದರೆ ನನ್ನ ಲೋಟ ಆಗಲೇ ಮೇಜಿನ ಆಚೆ ತುದಿಗೆ ಹೋಗಿರುತ್ತಿತ್ತು. ಅವರಿರಲಿಲ್ಲ. ಸಫಿಯಾ ಏನೂ ಹೇಳದೆ ಚಹಾ ಕುಡಿಯುತ್ತಿದ್ದಳು.

ಹೀಗೆ ಒಂದು ಮಳೆಗಾಲ, ಒಂದು ಚಳಿಗಾಲ ಕಳೆಯಿತು. ಇಷ್ಟು ಸಂತೋಷವಾಗಿ ನಾನು ಸಂಬಳ ಇದ್ದಾಗಲೂ ಕೆಲಸ ಮಾಡಿರಲಿಲ್ಲ.

ಫೆಬ್ರವರಿಯಲ್ಲಿ ಒಂದು ದಿನ ಶೇಖರ ನನ್ನ ಮನೆಗೆ ಬಂದ. ಅವನು ಆಡಳಿತ ಮಂಡಳಿಯ ಕಾರ್ಯದರ್ಶಿ, ನನ್ನ ಹಳೆಯ ವಿದ್ಯಾರ್ಥಿ, ಈಗ ಅವನಿಗೂ ತಲೆ ನರೆತಿದೆ. "ಟೀಚರ್, ಸಫಿಯಾ ಬಿಡ್ತಾಳೆ ಅಂತ ಕಾಣ್ತದೆ" ಎಂದ. ಕಾಟಿಪಳ್ಳದಲ್ಲಿ ಅವಳ ಮನೆಯ ಹತ್ತಿರವೇ ಒಂದು ಇಂಗ್ಲಿಷ್ ಮಾಧ್ಯಮ ಶಾಲೆಯವರು ಕರೆದಿದ್ದಾರೆ, ನಡೆದು ಹೋಗುವಷ್ಟು ದೂರ. "ಅವಳು ಹೋದ್ರೆ ಇಲ್ಲಿಗೆ ಇನ್ನೊಬ್ರು ಸಿಗ್ಲಿಕ್ಕಿಲ್ಲ. ಬೀಗ ಹಾಕುವುದೇ. ನೀವು ಒಮ್ಮೆ ಹೇಳಿ ನೋಡಿ. ನಿಮ್ಮ ಮಾತು ಕೇಳ್ತಾಳೆ."

ಆ ರಾತ್ರಿ ಮನಸ್ಸಿನಲ್ಲೇ ಭಾಷಣ ತಯಾರು ಮಾಡಿದೆ. ಗಿರಿಜಾ ಟೀಚರ್, ನೀಲಿ ಸ್ಕೆಚ್ ಪೆನ್ನು, ಸ್ವರ ಗೊತ್ತಿಲ್ಲದ ಹುಡುಗಿ ಎಲ್ಲವನ್ನೂ ಅದರಲ್ಲಿ ಸೇರಿಸಿದೆ. ಶಿಕ್ಷಕರ ದಿನಾಚರಣೆಗೆ ಆಗುವಂಥ ಭಾಷಣ. ಮರುದಿನ ಸಂಜೆ ಮಕ್ಕಳು ಹೋದ ಮೇಲೆ ಸಫಿಯಾಳನ್ನು ಕೂರಿಸಿ ಶುರು ಮಾಡಿದೆ. ಅವಳು ತಲೆತಗ್ಗಿಸಿ ಕೇಳಿದಳು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ, "ಟೀಚರ್, ನಾನೊಂದು ಕೇಳ್ಬಹುದಾ?" ಎಂದಳು.

"ಕೇಳು."

"ನಾನು ಈ ವರ್ಷ ಒಂದು ದಿನವಾದ್ರೂ ಹೆಸರು ಹೇಳಿದ್ದುಂಟಾ?"

ನಾನು ಹಿಂದಿನ ಸಂಜೆಗಳನ್ನು ಒಂದೊಂದಾಗಿ ನೆನೆಸತೊಡಗಿದೆ.

"ಇಲ್ಲ ಟೀಚರ್. ಹೇಳ್ಲಿಕ್ಕೆ ನನ್ನ ಹತ್ರ ಹೆಸರೇ ಇಲ್ಲ. ನಾನು ಬಸ್ಸಿಳಿದು ಬರುವಾಗ ಎಲ್ಲರನ್ನೂ ನೀವು ಮಾತಾಡಿಸಿ ಆಗಿರ್ತದೆ. ಮಲ್ಲೇಶನ ಹಲ್ಲು ಬಿದ್ದದ್ದು ನನಗೆ ಗೊತ್ತಾದದ್ದು ನೀವು ಹೇಳಿ. ನಾನು ಕೇಳಿದ್ರೆ, 'ಆಗಲೇ ಹಿಲ್ಡಾ ಟೀಚರಿಗೆ ಹೇಳಿದೆ' ಅಂತಾನೆ. ಬೋರ್ಡಿನಲ್ಲಿ ಬರೆಯುವುದು, ಮೊಬೈಲಿನಲ್ಲಿ ಹಾಜರಿ ಹಾಕುವುದು, ಊಟದ ಫೋಟೋ ಕಳಿಸುವುದು, ಅದು ಮಾತ್ರ ನಂದು. ಅದಕ್ಕೆ ಎರಡು ಬಸ್ಸು ಹಿಡಿದು ಯಾಕೆ ಬರ್ಬೇಕು ಟೀಚರ್? ಅದು ಕಾಟಿಪಳ್ಳದಲ್ಲೂ ಉಂಟು."

ಅವಳ ಸ್ವರದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು, ಗದರಿಬಿಡುತ್ತಿದ್ದೆ. "ನೀವು ಬರ್ಬೇಡಿ ಅಂತ ಅಲ್ಲ. ನಿಮ್ಮದೇ ಶಾಲೆ" ಎಂದು ಸೇರಿಸಿದಳು. ಆ ಕೊನೆಯ ಎರಡು ಪದಗಳು ನನ್ನನ್ನು ಅಲುಗಾಡಿಸಿದವು. ಅದು ನನ್ನ ಶಾಲೆ ಆಗಿರುವವರೆಗೆ ಅವಳು ಅಲ್ಲಿ ನಿಲ್ಲುವುದಿಲ್ಲ, ಅವಳು ನಿಲ್ಲದಿದ್ದರೆ ಅದು ಯಾರ ಶಾಲೆಯೂ ಅಲ್ಲ.

ನಾನು ದಿನಾ ಹೋಗುತ್ತಿದ್ದದ್ದು ಮಕ್ಕಳಿಗಾಗಿ ಎಂದು ನಂಬಿದ್ದೆ. ಮಕ್ಕಳಿಗಾಗಿಯೂ ಹೌದು. ಆದರೆ ಹೆಚ್ಚಾಗಿ ಹೋಗುತ್ತಿದ್ದದ್ದು ಗೇಟಿನಲ್ಲಿ ನಿಂತರೆ "ಹಿಲ್ಡಾ ಟೀಚರ್" ಎಂದು ಅವರು ಓಡಿಬರುತ್ತಾರೆ ಎಂದು. ಒಂದು ಇಡೀ ಶಾಲೆಯ ಮಾತನ್ನು ನಾನೊಬ್ಬಳೇ ತಿಂದು ಮುಗಿಸುತ್ತಿದ್ದೆ. ಹಸಿವು ಇದ್ದದ್ದು ನನಗೆ.

"ನಾಳೆಯಿಂದ ನಾನು ಬರುವುದಿಲ್ಲ ಸಫಿಯಾ" ಎಂದೆ. ಅವಳು ಗಾಬರಿಯಿಂದ, "ಅಯ್ಯೋ ಟೀಚರ್, ನಾನು ಹಾಗೆ ಹೇಳಿದ್ದಲ್ಲ" ಎಂದಳು. "ನನಗೆ ಗೊತ್ತುಂಟು. ನೀನು ಕಾಟಿಪಳ್ಳಕ್ಕೆ ಹೋಗುವುದಾದರೆ ಹೋಗು, ನಾನು ತಡೆಯುವುದಿಲ್ಲ. ಆದರೆ ಮಾರ್ಚ್ ಮುಗಿಯುವವರೆಗೆ ಇರು. ಬೆಳಿಗ್ಗೆ ಗೇಟಿನಲ್ಲಿ ನೀನೇ ನಿಂತು ನೋಡು. ಆಮೇಲೆ ನಿನ್ನ ಇಷ್ಟ" ಎಂದೆ. ಶಿಕ್ಷಕರ ದಿನಾಚರಣೆಯ ಭಾಷಣದ ಉಳಿದ ಅರ್ಧ ನನ್ನ ಗಂಟಲಲ್ಲೇ ಉಳಿಯಿತು.

ಆಮೇಲಿನ ಬೆಳಿಗ್ಗೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಭ್ಯಾಸಕ್ಕೆ ಬೇಗನೇ ಎಚ್ಚರವಾಗುತ್ತಿತ್ತು. ಸ್ನಾನ ಮಾಡಿ, ಸೀರೆ ಉಟ್ಟು, ಆಮೇಲೆ ಎಲ್ಲಿಗೂ ಹೋಗಲಿಕ್ಕಿಲ್ಲ ಎಂದು ನೆನಪಾಗಿ ಬಾಲ್ಕನಿಯಲ್ಲಿ ಕೂರುತ್ತಿದ್ದೆ. ಕೆಳಗೆ ಹಳದಿ ಬಸ್ಸಿಗೆ ಕಾಯುವ ಮಕ್ಕಳು ಕಾಣುತ್ತಿದ್ದರು. ಒಂದೆರಡು ಸಲ ಅವರನ್ನೇ ಮಾತಾಡಿಸಲು ಹೋದೆ. ಅವರ ಅಮ್ಮಂದಿರು ಮಕ್ಕಳ ಕೈಯನ್ನು ಸ್ವಲ್ಪ ಬಿಗಿಯಾಗಿ ಹಿಡಿದುಕೊಂಡರು. ಅವರದ್ದೇನೂ ತಪ್ಪಿಲ್ಲ, ಈಗಿನ ಕಾಲವೇ ಹಾಗೆ. ವಾಪಸು ಬಂದು ಟಿವಿ ಹಾಕಿದೆ. ಶಾಲೆಗೆ ಫೋನ್ ಮಾಡಲು ಎಷ್ಟೋ ಸಲ ಕೈ ಹೋಯಿತು, ಮಾಡಲಿಲ್ಲ. ಶೇಖರನಿಗೂ ಮಾಡಲಿಲ್ಲ. ಅವನು ಏನಾದರೂ ಹೇಳಿದರೆ ನಾನು ಮತ್ತೆ ಓಡಿಹೋಗದೆ ಇರುತ್ತೇನೆ ಎಂದು ನನ್ನ ಮೇಲೆ ನನಗೇ ನಂಬಿಕೆ ಇರಲಿಲ್ಲ. ಒಂಟಿತನ ಎಂದರೆ ಏನೆಂದು ಯಾರಾದರೂ ಕೇಳಿದರೆ ಈಗ ನಾನು ಪಾಠ ಮಾಡಬಲ್ಲೆ, ಬೇಕಾದರೆ ಪ್ರಶ್ನೆಪತ್ರಿಕೆಯನ್ನೂ ತೆಗೆಯಬಲ್ಲೆ.

ಮಾರ್ಚ್ ಹೋಯಿತು, ಬೇಸಿಗೆ ರಜೆ ಹೋಯಿತು. ಜೂನ್ ಬಂದು, ಮಳೆ ಹಿಡಿದು, ಶಾಲೆಗಳು ಶುರುವಾದವು. ನಮ್ಮದು ಶುರುವಾಯಿತೋ ಇಲ್ಲವೋ ಎಂದು ನಾನು ವಿಚಾರಿಸಲಿಲ್ಲ. ಓಣಿಯ ಕಡೆಗೂ ಹೋಗಲಿಲ್ಲ. ಬೀಗ ನೋಡುವ ಧೈರ್ಯ ನನಗಿರಲಿಲ್ಲ.

ಮೊನ್ನೆ ಕನ್ನಡಕದ ಕಾಲು ಮುರಿದು ಕೊಟ್ಟಾರಕ್ಕೆ ಹೋಗಲೇಬೇಕಾಯಿತು. ಕನ್ನಡಕ ಸರಿ ಮಾಡಿಸಿಕೊಂಡು, ಸಂಜೆ ಸೇತುವೆಯ ಕೆಳಗೆ ಬಸ್ಸಿಗೆ ನಿಂತಿದ್ದೆ. ಮಳೆ ಬಿಟ್ಟಿತ್ತು, ಲಾರಿಗಳ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ. ರಸ್ತೆಯ ಆಚೆಯಿಂದ ಸಫಿಯಾ ದಾಟಿ ಬರುವುದು ಕಂಡಿತು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಒಂದು ಪುಟ್ಟ ಹುಡುಗಿಯ ಕೈ. ಹುಡುಗಿಯ ಮೈಮೇಲೆ ನೀಲಿ ಸಮವಸ್ತ್ರ, ಬೆನ್ನಿಗೆ ಅವಳಿಗಿಂತ ದೊಡ್ಡ ಬ್ಯಾಗು.

"ಟೀಚರ್!" ಎಂದು ಸಫಿಯಾ ಹತ್ತಿರ ಬಂದಳು. ನನ್ನ ಕಣ್ಣು ಅವಳ ಮುಖ ನೋಡಬೇಕಾದದ್ದು ಆ ಮಗುವಿನ ಸಮವಸ್ತ್ರವನ್ನೇ ನೋಡುತ್ತಿತ್ತು. ನಮ್ಮದೇ.

"ನೀನು ಹೋಗ್ಲಿಲ್ವಾ?"

"ಇಲ್ಲ ಟೀಚರ್. ಹೋಗ್ಲಿಕ್ಕೆ ಆಗ್ಲಿಲ್ಲ" ಎಂದಳು. ಆಮೇಲೆ ನಕ್ಕು, "ಬೆಳಿಗ್ಗೆ ಮೊದಲ ಬಸ್ಸಿಗೇ ಬರ್ತೇನೆ ಈಗ" ಎಂದಳು. ಹುಡುಗಿ ಅವಳ ಶಾಲಿನ ಹಿಂದೆ ಸೇರಿಕೊಂಡಿದ್ದಳು. "ಇವಳು ಹೊಸಬಳು. ಇವಳಮ್ಮನಿಗೆ ಅಲ್ಲಿ ಆ ಬಿಲ್ಡಿಂಗಿನಲ್ಲಿ ಕೆಲಸ, ನಾನು ಬಸ್ಸಿಗೆ ಹೋಗುವಾಗ ಬಿಟ್ಟು ಹೋಗ್ತೇನೆ. ಕ್ಲಾಸಿನಲ್ಲಿ ಬಾಯಿ ಬಿಡುವುದಿಲ್ಲ ಟೀಚರ್. ಎಂತ ಇದ್ರೂ ನನ್ನ ಕಿವಿಯಲ್ಲಿ ಮಾತ್ರ ಹೇಳ್ತಾಳೆ."

ನಿನ್ನ ಹೆಸರೆಂತ ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನನ್ನ ಜನ್ಮದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಸಲ ಕೇಳಿದ ಪ್ರಶ್ನೆ. ಬಗ್ಗುವುದಕ್ಕೆ ಸೊಂಟವೂ ಅರ್ಧ ತಯಾರಾಗಿತ್ತು. ಆ ಮಗು ಶಾಲಿನ ಅಂಚಿನಿಂದ ಒಂದೇ ಕಣ್ಣಿನಲ್ಲಿ ನನ್ನನ್ನು ನೋಡಿತು. ನಾನು ಕೇಳಿದರೆ ಅದು ಹೇಳುತ್ತಿತ್ತು, ನನಗೆ ಗೊತ್ತು. ಹೇಳಿಸುವ ವಿದ್ಯೆ ನನಗೆ ಬರುತ್ತದೆ.

"ಹೊತ್ತಾಯ್ತು, ಅವಳ ಅಮ್ಮ ಕಾಯ್ತಾ ಇರ್ಬಹುದು" ಎಂದೆ.

ಸಫಿಯಾ "ಬರ್ತೇನೆ ಟೀಚರ್" ಎಂದು ಹುಡುಗಿಯ ಕೈ ಹಿಡಿದು ನಡೆದಳು. ಸ್ವಲ್ಪ ದೂರ ಹೋದ ಮೇಲೆ ಆ ಮಗು ಅವಳ ಕೈ ಜಗ್ಗಿತು. ಸಫಿಯಾ ರಸ್ತೆಯ ಬದಿಯಲ್ಲೇ ನಿಂತು ಬಗ್ಗಿ ಕಿವಿ ಕೊಟ್ಟಳು. ಮಗು ಏನೋ ಹೇಳಿತು, ತುಂಬ ಹೊತ್ತು ಹೇಳಿತು. ಅವಳ ಬಸ್ಸು ಬಂತು, ನಿಂತಿತು, ಹೋಯಿತು. ಬಗ್ಗಿದವಳು ಏಳಲಿಲ್ಲ.

ನನಗೆ ಅಳು ಬಂತು. ದುಃಖಕ್ಕೋ ಸಂತೋಷಕ್ಕೋ ಎಂದು ಕೇಳಿದರೆ ಎರಡಕ್ಕೂ ಎನ್ನುತ್ತೇನೆ, ಸ್ವಲ್ಪ ಹೊಟ್ಟೆಕಿಚ್ಚಿಗೂ. ಈಗ ನಮ್ಮ ಶಾಲೆಯಲ್ಲಿ ನನಗೆ ಹೆಸರು ಗೊತ್ತಿಲ್ಲದ ಒಂದು ಮಗು ಇದೆ.